ನೋಡುವುದು, ನೋಡಿಕೊಳ್ಳುವುದು

ಎಣ್ಣೆ ಎಂದರೆ ನಮ್ಮಂಥ ಹೆಂಗಸರಿಗೆ ಮೊದಲು ನೆನಪಾಗುವುದು ಒಗ್ಗರಣೆ ಸೌಟು. ಆಮೇಲೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ದೇವರ ದೀಪದ ಎಳ್ಳೆಣ್ಣೆ, ಬಾಣಂತಿಗೆ ತಿಕ್ಕುವ ಹರಳೆಣ್ಣೆ. ನೆಲದೊಳಗಿನ ಎಣ್ಣೆಯ ಜೊತೆ ನಮಗಿದ್ದ ಸಂಬಂಧವೆಂದರೆ ರೇಷನ್ ಅಂಗಡಿಯ ಸೀಮೆಎಣ್ಣೆ ಸಾಲು ಮಾತ್ರ. ಅದು ಎಲ್ಲಿಂದ ಬರುತ್ತದೆ, ಯಾರು ಎತ್ತುತ್ತಾರೆ ಎಂದು ಸಾಲಿನಲ್ಲಿ ನಿಂತವರು ಯಾರೂ ಕೇಳುತ್ತಿರಲಿಲ್ಲ. ನಮ್ಮ ಸರದಿ ಬರುವ ಹೊತ್ತಿಗೆ ಡ್ರಮ್ಮು ಖಾಲಿಯಾಗದಿದ್ದರೆ ಸಾಕಿತ್ತು. ಮದುವೆಯಾಗಿ ೧೯೮೫ರಲ್ಲಿ ಗುಜರಾತಿನ ಮೆಹಸಾಣಾಕ್ಕೆ ಹೋಗದಿದ್ದರೆ ನಾನೂ ಕೇಳುತ್ತಿರಲಿಲ್ಲವೇನೋ. ನಮ್ಮವರು ಅಲ್ಲಿ ಎಣ್ಣೆಬಾವಿಗಳ ಎಂಜಿನಿಯರು. ಹನ್ನೊಂದು ವರ್ಷ ಆ ಕಾಲೊನಿಯಲ್ಲಿ ಸಂಸಾರ ಮಾಡಿದೆ. ಅಡುಗೆಮನೆಯಲ್ಲಿ ಎಣ್ಣೆಯ ಡಬ್ಬಿ, ಊಟದ ಮೇಜಿನ ಮೇಲೆ ಎಣ್ಣೆಬಾವಿಯ ಮಾತು.

ಮೆಹಸಾಣಾದ ಸುತ್ತಮುತ್ತ ನೆಲ ರೊಟ್ಟಿ ತಟ್ಟಿದ ಹಾಗೆ ಸಪಾಟು. ಜೀರಿಗೆ, ಸೋಂಪು, ಹರಳು ಬೆಳೆಯುವ ಹೊಲಗಳು. ಆ ಹೊಲಗಳ ನಡುವೆಯೇ ಅಲ್ಲಲ್ಲಿ ಎಣ್ಣೆಬಾವಿಗಳು. ಮೇಲೆ ಹರಳೆಣ್ಣೆ, ಕೆಳಗೆ ಕಲ್ಲೆಣ್ಣೆ ಎಂದು ನಾವು ನಗುತ್ತಿದ್ದೆವು. ಊರಿನ ಇನ್ನೊಂದು ಹೆಮ್ಮೆ ಅಲ್ಲಿಯ ಎಮ್ಮೆ. ಮೆಹಸಾಣಿ ಎಂಬ ತಳಿಯೇ ಇದೆ. ಹೀಗೆ ಎಮ್ಮೆಯನ್ನೂ ಕರೆಯುವ, ಭೂಮಿಯನ್ನೂ ಕರೆಯುವ ಊರು ಅದು. ಈ ಹೋಲಿಕೆ ನನಗೆ ಆಗ ತಮಾಷೆಯಾಗಿ ಕಂಡಿತ್ತು. ಈಗ ಅಷ್ಟು ತಮಾಷೆಯಾಗಿ ಕಾಣುವುದಿಲ್ಲ.

ಎಣ್ಣೆಬಾವಿ ಎಂದರೆ ಸಿನಿಮಾದಲ್ಲಿ ತೋರಿಸುವಂತೆ ಆಕಾಶಕ್ಕೆ ಚಿಮ್ಮುವ ಕಪ್ಪು ಕಾರಂಜಿ ಎಂದು ತಿಳಿದವರೇ ಹೆಚ್ಚು. ಹಾಗೆ ಚಿಮ್ಮಿದರೆ ಅದು ಅಪಘಾತ. ಹೊಸದರಲ್ಲಿ ಕೆಲವು ಬಾವಿಗಳು ಒಳಗಿನ ಒತ್ತಡಕ್ಕೇ ಹರಿಯುತ್ತವೆ. ವಯಸ್ಸಾದಂತೆ ಒತ್ತಡ ಇಳಿಯುತ್ತದೆ, ಆಮೇಲೆ ಎತ್ತಬೇಕು. ಉತ್ತರ ಗುಜರಾತಿನ ಕೆಲವು ಕಡೆಯ ಎಣ್ಣೆಯಂತೂ ಬೆಲ್ಲದ ಪಾಕದಂತೆ ಮಂದ, ತಾನಾಗಿ ಬರುವುದೇ ಇಲ್ಲ. ಎತ್ತುವುದಕ್ಕೆ ಬಾವಿಯ ಮೇಲೆ ಒಂದು ದೊಡ್ಡ ಕಬ್ಬಿಣದ ತೊಲೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಇದ್ದ ಏತವನ್ನು ನೆನೆಸಿಕೊಳ್ಳಿ, ಸುಮಾರು ಹಾಗೆಯೇ. ತೊಲೆಯ ಒಂದು ತುದಿಯಲ್ಲಿ ಕುದುರೆಯ ಮುಖದಂಥ ಕಬ್ಬಿಣದ ತಲೆ, ಅದಕ್ಕೆ ಕಟ್ಟಿದ ಸರಳುಗಳು ನೂರಾರು ಮೀಟರ್ ಕೆಳಗೆ ಇಳಿದು ಪಂಪಿನ ಕೊಂತವನ್ನು ಎಳೆದು ಬಿಡುತ್ತವೆ. ಹಗಲೂ ರಾತ್ರಿ ಆ ತಲೆ ಏಳುತ್ತದೆ, ಬಾಗುತ್ತದೆ. ನೋಡಿದ ಮೊದಲ ದಿನವೇ ನನಗೆ ಕೋಲೆಬಸವ ನೆನಪಾದ. ಏನು ಕೇಳಿದರೂ ಹೌದು ಹೌದು ಎಂದು ತಲೆಯಾಡಿಸುವ ಬಡಪಾಯಿ.

ಕಾಲೊನಿಯಲ್ಲಿ ನಮ್ಮ ಹಿಂದಿನ ಸಾಲಿನ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಬಾವಿಯಿಂದ ಬಾವಿಗೆ ಹೋಗಿ ನೋಡಿ ಬರುವುದು ಅವರ ಕೆಲಸ. ಎಣ್ಣೆ ಹೊರಗೆ ಹೋಗುವ ಕೊಳವೆಯ ಮೇಲೆ ಅಂಗೈ ಇಟ್ಟರೆ ಬಿಸುಪಿನಿಂದಲೇ ಎಣ್ಣೆ ಬರುತ್ತಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿತ್ತು. ಬೆಲ್ಟು ಸಡಿಲವಾಗಿದ್ದರೆ, ಗೇರಿನ ಪೆಟ್ಟಿಗೆಯಲ್ಲಿ ಎಣ್ಣೆ ಒಣಗಿದ್ದರೆ ಸದ್ದಿನಲ್ಲೇ ಹಿಡಿಯುತ್ತಿದ್ದರು. ಬಂದು ನಮ್ಮವರಿಗೆ, 'ಸಾಹೇಬ್, ಆ ಹನ್ನೆರಡನೆಯದು ಕೆಮ್ಮುತ್ತಿದೆ, ಒಮ್ಮೆ ನೋಡಿ' ಎನ್ನುತ್ತಿದ್ದರು, ಮನೆಯ ಮಗುವಿಗೆ ಹುಷಾರಿಲ್ಲ ಎನ್ನುವ ಹಾಗೆ. ಎಣ್ಣೆಬಾವಿಯ ಚರಿತ್ರೆಯೇ ಇಂಥ ಒಬ್ಬನಿಂದ ಶುರುವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬಲ್ಲಿ ೧೮೫೯ರ ಆಗಸ್ಟಿನಲ್ಲಿ ಡ್ರೇಕ್ ಎಂಬಾತನ ಬಾವಿ ಅರವತ್ತೊಂಬತ್ತೂವರೆ ಅಡಿ ಇಳಿದಿತ್ತು. ಶನಿವಾರ ಸಂಜೆ ಕೆಲಸ ನಿಲ್ಲಿಸಿ ಎಲ್ಲರೂ ಮನೆಗೆ ಹೋದರು. ಕೊರೆಯುವ ಕೆಲಸದ ಯಜಮಾನ ಸ್ಮಿತ್, ಕಸುಬಿನಿಂದ ಕಮ್ಮಾರ, ಭಾನುವಾರ ರಜೆಯಾದರೂ ಹೋಗಿ ಕೊಳವೆಯೊಳಗೆ ಇಣುಕಿದ. ಎಣ್ಣೆ ಮೇಲಕ್ಕೆ ಬಂದು ತೇಲುತ್ತಿತ್ತು. ರಜೆಯ ದಿನ ಹೋಗಿ ನೋಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕಾಕಾನ ಕಥೆ ಹೇಳಿ, ಅಯ್ಯೋ ಆ ಕಾಲವೇ ಹೋಯಿತು, ಎಲ್ಲ ಯಂತ್ರಮಯವಾಯಿತು ಎಂದು ನಿಟ್ಟುಸಿರು ಬಿಟ್ಟರೆ ನಮ್ಮವರು ಒಪ್ಪುವುದಿಲ್ಲ. 'ಕಾಕಾ ಒಂದು ಬಾವಿಯ ಹತ್ತಿರ ದಿನಕ್ಕೆ ಅರ್ಧ ಗಂಟೆ ಇರುತ್ತಿದ್ದರು. ಉಳಿದ ಇಪ್ಪತ್ತಮೂರೂವರೆ ಗಂಟೆ ಅದು ಕೆಮ್ಮಿದರೆ ಕೇಳುವವರು ಯಾರು?' ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಕೆಮ್ಮು ಏನೆಂದು ಸ್ವಲ್ಪ ತಿಳಿಯಬೇಕು.

ಬೀದಿಯ ಬೋರ್‌ವೆಲ್ಲಿನಲ್ಲಿ ಕೊಡಪಾನ ಇಟ್ಟು ಕೈಪಂಪು ಹೊಡೆದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೇಸಿಗೆಯಲ್ಲಿ ನೀರು ಕೆಳಗೆ ಹೋದಾಗ ಎಷ್ಟು ಹೊಡೆದರೂ ಹಿಡಿ ಹಗುರವಾಗಿ ಇಳಿದು ಧಡ್ ಎಂದು ಬಡಿಯುತ್ತದೆ. ರಟ್ಟೆ ಸೋಲುತ್ತದೆ, ನೀರು ಬರುವುದಿಲ್ಲ. ಹತ್ತು ನಿಮಿಷ ಬಿಟ್ಟು ಹೊಡೆದರೆ ಮತ್ತೆ ಒಂದು ಕೊಡ ಸಿಗುತ್ತದೆ. ಎಣ್ಣೆಬಾವಿಯೂ ಹಾಗೆಯೇ. ಕಲ್ಲಿನ ಸೂಕ್ಷ್ಮ ರಂಧ್ರಗಳಿಂದ ಎಣ್ಣೆ ಜಿನುಗಿ ಬಾವಿಗೆ ಬರುವುದಕ್ಕೆ ತನ್ನದೇ ಆದ ವೇಗವಿದೆ. ನಾವು ಅದಕ್ಕಿಂತ ಬೇಗ ಎತ್ತಿದರೆ ಪಂಪಿನ ಕೊಳವೆ ಅರ್ಧ ಮಾತ್ರ ತುಂಬುತ್ತದೆ. ಆಗ ಕೆಳಗಿಳಿಯುವ ಕೊಂತ ಖಾಲಿ ಜಾಗದಲ್ಲಿ ಬಿದ್ದು ಎಣ್ಣೆಯ ಮೇಲ್ಮೈಗೆ ಅಪ್ಪಳಿಸುತ್ತದೆ. ಆ ಪೆಟ್ಟು ನೂರಾರು ಮೀಟರ್ ಉದ್ದದ ಸರಳುಗಳನ್ನು ಹತ್ತಿ ಮೇಲಿನ ಗೇರಿನವರೆಗೂ ಬರುತ್ತದೆ. ನಿಮಿಷಕ್ಕೆ ಹಲವು ಸಲ, ದಿನವಿಡೀ. ಕೊನೆಗೊಂದು ದಿನ ಸರಳು ತುಂಡಾಗುತ್ತದೆ. ಅದನ್ನು ಎತ್ತಿ ಸರಿಮಾಡುವವರೆಗೆ ಬಾವಿ ಬಂದ್.

ಇದನ್ನು ಮೊದಲೇ ತಿಳಿಯುವುದು ಹೇಗೆ? ಸರಳಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಅಳೆದು ಕಾಗದದ ಮೇಲೆ ಗೆರೆಯಾಗಿ ಬರೆಸುವ ಒಂದು ಸಾಧನವಿದೆ, ಡೈನಮೋಮೀಟರ್. ತೊಲೆ ಒಮ್ಮೆ ಎದ್ದು ಬಿದ್ದರೆ ಕಾಗದದ ಮೇಲೆ ಒಂದು ಮುಚ್ಚಿದ ಆಕಾರ ಮೂಡುತ್ತದೆ. ನಮ್ಮವರು ಆ ಕಾಗದಗಳನ್ನು ಮನೆಗೂ ತರುತ್ತಿದ್ದರು. ನನಗೆ ಕೈಜಾರಿದ ರಂಗೋಲಿಯಂತೆ ಕಾಣುತ್ತಿತ್ತು. ಅವರಿಗೆ ಅದು ವೈದ್ಯರಿಗೆ ಇಸಿಜಿ ಇದ್ದ ಹಾಗೆ. ಆಕಾರದ ಯಾವ ಮೂಲೆ ಸವೆದಿದೆ ಎನ್ನುವುದರ ಮೇಲೆ ಪಂಪು ತುಂಬುತ್ತಿಲ್ಲವೋ, ಕವಾಟ ಸೋರುತ್ತಿದೆಯೋ, ಸರಳೇ ಮುರಿದಿದೆಯೋ ಹೇಳುತ್ತಿದ್ದರು. ಆದರೆ ಮೇಲಿನ ಭಾರಕ್ಕೂ ಆಳದ ಪಂಪಿನಲ್ಲಿ ನಡೆಯುವುದಕ್ಕೂ ವ್ಯತ್ಯಾಸವಿದೆ. ಅಷ್ಟುದ್ದದ ಸರಳು ಹಿಗ್ಗುತ್ತದೆ, ಕುಗ್ಗುತ್ತದೆ, ಒದರುತ್ತದೆ. ೧೯೩೬ರಲ್ಲಿ ಗಿಲ್ಬರ್ಟ್ ಎಂಬ ಅಮೆರಿಕನ್ ಎಂಜಿನಿಯರು ಪಂಪಿನ ಜೊತೆಗೇ ಬಾವಿಗೆ ಇಳಿಸುವ ಸಾಧನ ಮಾಡಿದರು. ಏನು ಬರೆದಿದೆ ಎಂದು ಓದಬೇಕಾದರೆ ಅದನ್ನು ಮತ್ತೆ ಮೇಲೆತ್ತಬೇಕಾಗಿತ್ತು. ೧೯೬೦ರ ದಶಕದಲ್ಲಿ ಷೆಲ್ ಕಂಪನಿಯ ಗಿಬ್ಸ್ ಎಂಬ ತಜ್ಞರು, ಮೇಲೆ ಅಳೆದದ್ದರಿಂದಲೇ ಆಳದ ಸ್ಥಿತಿಯನ್ನು ಲೆಕ್ಕ ಹಾಕುವ ಗಣಿತ ಕೊಟ್ಟರು. ಮಣಿಕಟ್ಟು ಹಿಡಿದು ಎದೆಯೊಳಗಿನದನ್ನು ಹೇಳುವ ನಾಡಿವೈದ್ಯೆಯೇ ಸರಿ.

ಈಗ ಆ ಗಣಿತವನ್ನು ಬಾವಿಯ ಪಕ್ಕದಲ್ಲಿರುವ ಒಂದು ಪೆಟ್ಟಿಗೆ ತಾನೇ ಮಾಡುತ್ತದೆ, ಪ್ರತಿ ಏಳುಬೀಳಿಗೂ. ಪಂಪು ತುಂಬುತ್ತಿಲ್ಲ ಎಂದು ಕಂಡ ಕೂಡಲೇ ಮೋಟಾರು ನಿಲ್ಲಿಸುತ್ತದೆ ಅಥವಾ ನಿಧಾನ ಮಾಡುತ್ತದೆ. ಸ್ವಲ್ಪ ಹೊತ್ತು ಬಾವಿ ತುಂಬಿಕೊಳ್ಳಲು ಬಿಟ್ಟು ಮತ್ತೆ ಶುರುಮಾಡುತ್ತದೆ. ತೀರಾ ಹೆಚ್ಚು ಹೊತ್ತು ಬಿಡುವ ಹಾಗೂ ಇಲ್ಲ. ಬಾವಿಯಲ್ಲಿ ತುಂಬಿದ ದ್ರವದ ಭಾರವೇ ಒಳಗೆ ಬರುವ ಎಣ್ಣೆಯನ್ನು ತಡೆಯುತ್ತದೆ. ಅಷ್ಟು ಹದವಾಗಿ ನೋಡುತ್ತದೆ. ಜೊತೆಗೆ ಒತ್ತಡ, ಉಷ್ಣತೆ, ಕರೆಂಟು ಎಲ್ಲದರ ಲೆಕ್ಕವನ್ನೂ ದೂರದ ಕೋಣೆಗೆ ಕಳಿಸುತ್ತದೆ. ಅಲ್ಲಿ ಪರದೆಯ ಮುಂದೆ ಕುಳಿತವರು ನೂರಾರು ಬಾವಿಗಳನ್ನು ಒಟ್ಟಿಗೇ ನೋಡಬಹುದು. ಸರಳು ಮುರಿಯುವುದು ಕಡಿಮೆ, ಕರೆಂಟು ಕಡಿಮೆ, ಬಾವಿ ಕೆಟ್ಟು ನಿಲ್ಲುವ ದಿನಗಳು ಕಡಿಮೆ. ವರ್ಷದ ಕೊನೆಗೆ ಎಣ್ಣೆ ಹೆಚ್ಚು.

ಇದನ್ನೆಲ್ಲ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ತಟ್ಟಿದ್ದು ಎಣ್ಣೆಯ ಲೆಕ್ಕವಲ್ಲ. ಆ ಕೋಲೆಬಸವನಿಗೆ ಕೊನೆಗೂ ಒಂದಿಷ್ಟು ವಿರಾಮ ಸಿಕ್ಕಿತಲ್ಲ, ಅದೂ ಒಂದು ಯಂತ್ರದಿಂದ, ಎಂಬುದು. ಮನುಷ್ಯರು ನಡೆಸುತ್ತಿದ್ದಾಗ ಬಿಡುವಿಲ್ಲದೆ ಎತ್ತಿದ್ದೇ ಎತ್ತಿದ್ದು. ಎತ್ತಿದಷ್ಟೂ ಬರುತ್ತದೆ ಎಂಬ ಆಸೆ. ಇಲ್ಲ, ಒಳಗೆ ತುಂಬಿಕೊಳ್ಳಲು ಸಮಯ ಕೊಡಬೇಕು ಎಂದು ಹೇಳಲು ಒಂದು ಪೆಟ್ಟಿಗೆ ಬರಬೇಕಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಯಾವ ಹೆಂಗಸಿಗೂ ಈ ಪೆಟ್ಟಿಗೆಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ. ನಮ್ಮ ಮನೆಗಳಲ್ಲಿ ಕೊಂತ ಖಾಲಿ ಕೊಳವೆಗೆ ಬಡಿಯುವ ಸದ್ದು ಎಷ್ಟು ವರ್ಷದಿಂದ ಕೇಳುತ್ತಿದೆ!

ಆದರೆ ಹೊಟ್ಟೆಕಿಚ್ಚು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆ ವಿರಾಮ ಬಾವಿಗಾಗಿ ಕೊಟ್ಟದ್ದಲ್ಲ, ಎಣ್ಣೆಗಾಗಿ ಕೊಟ್ಟದ್ದು. ನಿಲ್ಲಿಸದೆ ಎತ್ತಿದರೇ ಲಾಭ ಹೆಚ್ಚು ಎಂದು ನಾಳೆ ಲೆಕ್ಕ ಹೇಳಿದರೆ ಅದೇ ಪೆಟ್ಟಿಗೆ ನಿಲ್ಲಿಸದೆ ಎತ್ತಿಸುತ್ತದೆ. 'ಚೆನ್ನಾಗಿ ಊಟ ಮಾಡಮ್ಮ, ಇಲ್ಲದಿದ್ದರೆ ನಾಳೆ ಹಬ್ಬದ ಕೆಲಸ ಹೇಗೆ ಮಾಡುತ್ತೀಯ' ಎಂದು ಸೊಸೆಗೆ ಬಡಿಸುವ ಕೈಯನ್ನು ನಾವೆಲ್ಲ ಕಂಡಿದ್ದೇವೆ. ಬಡಿಸಿದ್ದು ನಿಜ, ಹೊಟ್ಟೆ ತುಂಬಿದ್ದೂ ನಿಜ. ಆದರೂ ಆ ಅನ್ನ ಗಂಟಲಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಕಬ್ಬಿಣದ ಬಾವಿಗೆ ಗಂಟಲಿಲ್ಲ, ಮನಸ್ಸಿಲ್ಲ. ಅದಕ್ಕೆ ಯಾಕೆ ವಿರಾಮ ಕೊಟ್ಟರು ಎಂಬುದು ಅದಕ್ಕೆ ಬೇಕಿಲ್ಲ. ಆದರೆ ಬಾವಿಯ ಹತ್ತಿರ ಮನುಷ್ಯರೂ ಇರುತ್ತಾರೆ. ಅವರ ಲೆಕ್ಕ ಆ ಪೆಟ್ಟಿಗೆಯಲ್ಲಿ ಎಲ್ಲಿದೆ?

ಇದು ಗಾಳಿಯಲ್ಲಿ ಎಸೆದ ಪ್ರಶ್ನೆಯಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಒಡೆಸ್ಸಾ ಎಂಬ ಊರಿದೆ, ಎಣ್ಣೆಯ ಸೀಮೆ. ಅಲ್ಲಿ ಹಳೆಯ ಬಾವಿಗಳಿಂದ ಹೆಚ್ಚು ಎಣ್ಣೆ ಬರಲೆಂದು ನೆಲದೊಳಕ್ಕೆ ನೀರು ತಳ್ಳುವ ಪಂಪುಮನೆಗಳಿವೆ. ೨೦೧೯ರ ಅಕ್ಟೋಬರ್ ೨೬, ಶನಿವಾರ. ಒಂದು ಪಂಪುಮನೆಯಲ್ಲಿ ಪಂಪಿನ ಎಣ್ಣೆಮಟ್ಟದ ಬಗ್ಗೆ ಎಚ್ಚರಿಕೆ ಹೋಯಿತು. ಅದನ್ನು ನೋಡಿಕೊಳ್ಳುತ್ತಿದ್ದ ನೌಕರ ಸಂಜೆ ಒಬ್ಬನೇ ಅಲ್ಲಿಗೆ ಹೋದ. ಪಂಪಿಗೆ ವಿದ್ಯುತ್ ಕಡಿದಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಚಾಲೂ ಆಯಿತು. ಹೊರಬಂದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇತ್ತು. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗನ್ನೇ ಮಂಕುಮಾಡಿ ವಾಸನೆ ತಿಳಿಯದ ಹಾಗೆ ಮಾಡಿ ಕೊಲ್ಲುವ ವಿಷ. ಆತ ಅಲ್ಲೇ ಬಿದ್ದ. ಮೈಮೇಲೆ ಧರಿಸಬೇಕಾದ ವಿಷಗಾಳಿಯ ಸೂಚಕ ಆತನ ಮೇಲಿರಲಿಲ್ಲ. ಕಟ್ಟಡದ ಎಚ್ಚರಿಕೆ ವ್ಯವಸ್ಥೆಗೂ ಸೂಚಕಗಳಿಂದ ಸಂದೇಶ ತಲುಪುತ್ತಿರಲಿಲ್ಲ, ದೀಪ ಹತ್ತಲಿಲ್ಲ. ಮನೆಯಲ್ಲಿ ಹೆಂಡತಿ ಕಾದಳು. ಗಂಡ ಬರಲಿಲ್ಲ. ಇಬ್ಬರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹುಡುಕುತ್ತಾ ಹೋದಳು. ಮಕ್ಕಳನ್ನು ಕಾರಿನಲ್ಲೇ ಬಿಟ್ಟು ಒಳಗೆ ಹೋದವಳು ತಾನೂ ಹಿಂದಿರುಗಲಿಲ್ಲ. ಮಕ್ಕಳು ಉಳಿದರು. ಆ ದೇಶದ ರಾಸಾಯನಿಕ ಸುರಕ್ಷಾ ಮಂಡಳಿ ೨೦೨೧ರಲ್ಲಿ ಇದರ ವಿವರವಾದ ವರದಿ ಕೊಟ್ಟಿದೆ.

ನಮ್ಮವರು ಇದನ್ನು ಓದಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೆಹಸಾಣಾದಲ್ಲಿ ಎಷ್ಟು ರಾತ್ರಿ ಫೋನು ಬಡಿದುಕೊಂಡಿದೆ, ಎಷ್ಟು ರಾತ್ರಿ ಇವರು ಅಂಗಿ ಸಿಕ್ಕಿಸಿಕೊಂಡು ಜೀಪು ಹತ್ತಿದ್ದಾರೆ! ನಾನು ಕಿಟಕಿಯ ಹತ್ತಿರ ಕೂತು ಜೀಪಿನ ದೀಪಕ್ಕೆ ಕಾದವಳು. ತಡವಾಗಿದ್ದರೆ ನಾನೂ ಮಗಳನ್ನು ಎತ್ತಿಕೊಂಡು ಹೊರಡುತ್ತಿದ್ದೆ. ಯಾವ ಹೆಂಡತಿಯಾದರೂ ಹೊರಡುತ್ತಾಳೆ. ಆ ಪಂಪಿನಲ್ಲಿ ಎಣ್ಣೆ ಕಡಿಮೆಯಾದರೆ ಒಂದು ಮನುಷ್ಯನಿಗೆ ಕರೆ ಹೋಗುವ ಏರ್ಪಾಡಿತ್ತು. ಆ ಮನುಷ್ಯ ಬಿದ್ದರೆ ಯಾರಿಗೂ ಕರೆ ಹೋಗಲಿಲ್ಲ. ಅವನಿಗಿದ್ದ ಎಚ್ಚರಿಕೆಯ ಗಂಟೆ ಅವನ ಹೆಂಡತಿಯ ಮನಸ್ಸೊಂದೇ. ಅದು ಸರಿಯಾಗಿಯೇ ಬಡಿಯಿತು. ಪ್ರಾಣ ತೆತ್ತು ಬಡಿಯಿತು.

ನಾನು ಹೀಗೆಂದಾಗ ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದಕ್ಕೆ ಉತ್ತರ ಯಂತ್ರ ಬೇಡ ಎನ್ನುವುದಲ್ಲ, ಇನ್ನೂ ಒಂದು ಯಂತ್ರ ಬೇಕು ಎನ್ನುವುದು. ಪಂಪನ್ನು ದೂರದಿಂದಲೇ ನಿಲ್ಲಿಸುವ ಹಾಗಿದ್ದು, ಒಳಗಿನ ಗಾಳಿ ಹೇಗಿದೆ ಎಂದು ದೂರದಿಂದಲೇ ಕಾಣುವ ಹಾಗಿದ್ದಿದ್ದರೆ ಆತ ಹೋಗುವ ಅಗತ್ಯವೇ ಇರಲಿಲ್ಲ. ಮನುಷ್ಯ ಅಪಾಯದ ಬಾಗಿಲಿಗೆ ಹೋಗುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು' ಎಂದರು. ನಾನು ಎದುರಾಡಲಿಲ್ಲ, ಏಕೆಂದರೆ ಅದು ನ್ಯಾಯವಾದ ಮಾತು. ಕಾಕಾನ ಅಂಗೈಯ ಬಿಸುಪನ್ನು ಹೊಗಳುವ ನಾನು, ಆ ಅಂಗೈ ರಾತ್ರಿ ಎರಡು ಗಂಟೆಯ ಚಳಿಯಲ್ಲಿ ಒಂಟಿಯಾಗಿ ಕತ್ತಲಲ್ಲಿ ತಡಕುತ್ತಿತ್ತು ಎಂಬುದನ್ನು ಮರೆಯಬಾರದು. ಹಳೆಯದೆಲ್ಲ ಪ್ರೀತಿ, ಹೊಸದೆಲ್ಲ ಲೋಭ ಎನ್ನುವುದು ಸೋಮಾರಿ ಲೆಕ್ಕ.

ಹಾಗೆಂದು ಯಂತ್ರ ಸೇರಿಸಿದ ಮಾತ್ರಕ್ಕೆ ಮುಗಿಯಿತೇ? ಮೆಕ್ಸಿಕೋ ಕೊಲ್ಲಿಯಲ್ಲಿ ೨೦೧೦ರ ಏಪ್ರಿಲ್ ೨೦ರ ರಾತ್ರಿ ಸ್ಫೋಟಗೊಂಡ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ಹಡಗಟ್ಟೆಯಲ್ಲಿ ಸೂಚಕಗಳಿಗೇನೂ ಕೊರತೆ ಇರಲಿಲ್ಲ. ಹನ್ನೊಂದು ಜನ ಸತ್ತರು. ಎಲ್ಲರನ್ನೂ ಎಬ್ಬಿಸಬೇಕಾದ ದೊಡ್ಡ ಗಂಟೆ ತಾನಾಗಿ ಬಾರಿಸದಂತೆ ಕಟ್ಟಿಡಲಾಗಿತ್ತು ಎಂದು ಅಲ್ಲಿನ ಎಲೆಕ್ಟ್ರಾನಿಕ್ಸ್ ತಂತ್ರಜ್ಞರೊಬ್ಬರು ಆಮೇಲೆ ವಿಚಾರಣೆಯಲ್ಲಿ ಹೇಳಿದರು. ಸುಳ್ಳು ಎಚ್ಚರಿಕೆಗೆ ನಡುರಾತ್ರಿ ಜನರ ನಿದ್ದೆ ಕೆಡುವುದು ಬೇಡ ಎಂದು ಹಾಗೆ ಮಾಡಿದ್ದಂತೆ. ನಮಗೆ ಇದು ಅರ್ಥವಾಗದ ವಿಷಯವಲ್ಲ. ಕುಕ್ಕರು ಎಷ್ಟು ಸಲ ಕೂಗಿದರೂ ಟೀವಿಯ ಮುಂದೆ ಕೂತವರ ಕಿವಿಗೆ ಬೀಳುವುದಿಲ್ಲ. ಗಂಟೆ ಎಂಬುದು ಅರ್ಧ ಮಾತ್ರ. ಉಳಿದರ್ಧ, ಎದ್ದು ಬರುವ ಕಾಲುಗಳು.

ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಎಷ್ಟು ಚೆನ್ನಾದ ಮಾತಿದೆ! ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ. 'ಮಗುವನ್ನು ನೋಡಿದೆ' ಎಂದರೆ ಕಣ್ಣಿನ ಕೆಲಸ ಅಷ್ಟೆ. 'ಮಗುವನ್ನು ನೋಡಿಕೊಂಡೆ' ಎಂದರೆ ಅದರಲ್ಲಿ ಹಾಲು, ಬಟ್ಟೆ, ಜ್ವರ, ನಿದ್ದೆಗೆಟ್ಟ ರಾತ್ರಿ ಎಲ್ಲ ಬಂತು. ನಡುವೆ ಸೇರಿದ್ದು ಒಂದು ಪುಟ್ಟ 'ಕೊಳ್ಳು'. ಕೊಳ್ಳುವುದು ಎಂದರೆ ತೆಗೆದುಕೊಳ್ಳುವುದು. ಕಂಡದ್ದರ ಹೊಣೆಯನ್ನು ತನ್ನ ತಲೆಗೆ ತೆಗೆದುಕೊಳ್ಳುವುದು. ಕಾಯುವುದು ಎಂಬ ಮಾತೂ ಹಾಗೆಯೇ. ಕಾವಲಿರುವುದೂ ಕಾಯುವುದೇ, ಬರುವವರಿಗಾಗಿ ಬಾಗಿಲಲ್ಲಿ ನಿಲ್ಲುವುದೂ ಕಾಯುವುದೇ. ಒಡೆಸ್ಸಾದ ಆ ಪೆಟ್ಟಿಗೆ ನೋಡುತ್ತಿತ್ತು. ಆ ಹೆಣ್ಣುಮಗಳು ಕಾಯುತ್ತಿದ್ದಳು.

ಯಂತ್ರ ನೋಡಬಲ್ಲದು, ನಮಗಿಂತ ಚೆನ್ನಾಗಿ ನೋಡಬಲ್ಲದು, ಬೇಸರವಿಲ್ಲದೆ, ಕಣ್ಣು ಮಿಟುಕಿಸದೆ. 'ಕೊಳ್ಳು' ಎಂಬುದನ್ನು ಮಾತ್ರ ಅದು ಮಾಡಲಾರದು. ಅದನ್ನು ಯಾರೋ ಒಬ್ಬರು ಹೆಸರು ಹೇಳಿ ಒಪ್ಪಿಕೊಳ್ಳಬೇಕು. ಸೂಜಿ ಕೆಂಪುಗೆರೆ ದಾಟಿದರೆ ನಾನು ಬರುತ್ತೇನೆ, ಬಂದವನು ಹತ್ತು ನಿಮಿಷದಲ್ಲಿ ಮಾತಾಡದಿದ್ದರೆ ಅವನಿಗಾಗಿ ಇಂಥವರು ಬರುತ್ತಾರೆ ಎಂದು. ಅಲ್ಲಿಯವರೆಗೆ ಪರದೆಯ ಮೇಲೆ ಎಷ್ಟು ದೀಪ ಮಿನುಗಿದರೂ ಅದು ನೋಡುವುದೇ ಹೊರತು ನೋಡಿಕೊಳ್ಳುವುದಲ್ಲ.

ಇನ್ನೂ ಒಂದು ಪರೀಕ್ಷೆ ಇದೆ. ಕರೆಯುವ ಎಮ್ಮೆಗೆ ಹಿಂಡಿ, ಬೂಸ, ಬೆಚ್ಚನೆಯ ಕೊಟ್ಟಿಗೆ. ಗೊಡ್ಡಾದ ಮೇಲೆ ಏನು ಸಿಗುತ್ತದೆ ಎನ್ನುವುದರಲ್ಲಿ ಯಜಮಾನನ ನಿಜವಾದ ಗುಣ ತಿಳಿಯುತ್ತದೆ. ಎಣ್ಣೆಬಾವಿಯೂ ಗೊಡ್ಡಾಗುತ್ತದೆ. ಎಣ್ಣೆಗಿಂತ ನೀರೇ ಹೆಚ್ಚು ಬರತೊಡಗಿ, ಕೊನೆಗೆ ಎತ್ತಿದ ಖರ್ಚೂ ಹುಟ್ಟುವುದಿಲ್ಲ. ಹಾಗೆ ಸತ್ತ ಬಾವಿಗೂ ಸಂಸ್ಕಾರ ಆಗಬೇಕು. ಒಳಗೆ ಸಿಮೆಂಟು ತುಂಬಿ ಭದ್ರವಾಗಿ ಮುಚ್ಚಬೇಕು. ಇಲ್ಲದಿದ್ದರೆ ಗಾಳಿ ಸೋರುತ್ತದೆ, ಕುಡಿಯುವ ನೀರಿಗೆ ಉಪ್ಪುನೀರು, ಎಣ್ಣೆ ಸೇರಬಹುದು. ಅಮೆರಿಕದಲ್ಲಿ ಹಾಗೆ ಮುಚ್ಚದೆ, ಒಡೆಯರು ದಿವಾಳಿಯಾಗಿಯೋ ಕೈಬಿಟ್ಟೋ ಹೋದ ಬಾವಿಗಳು ಬಹಳ ಇವೆ. ಅವನ್ನು ಮುಚ್ಚಲು ಅಲ್ಲಿಯ ಸರ್ಕಾರ ೨೦೨೧ರ ಕಾನೂನಿನಲ್ಲಿ ೪೭೦ ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆ ಬಾವಿಗಳಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ ಗೊತ್ತೇ? ಅನಾಥ ಬಾವಿಗಳು ಎಂದು. ಎಣ್ಣೆ ಕೊಡುತ್ತಿದ್ದಾಗ ಒಂದೊಂದು ಉಸಿರಿಗೂ ಲೆಕ್ಕವಿಟ್ಟವರು, ಉಸಿರು ನಿಂತ ಮೇಲೆ ವಿಳಾಸವನ್ನೂ ಬಿಟ್ಟುಹೋದರು. ಇಳುವರಿಯನ್ನು ನೋಡುವ ಕಣ್ಣು ಇಳುವರಿ ಮುಗಿದ ದಿನ ಮುಚ್ಚಿಕೊಳ್ಳುತ್ತದೆ. ಅದು ಯಂತ್ರದ ತಪ್ಪಲ್ಲ. ಆ ಕಣ್ಣಿಗೆ ನೋಡಲು ಏನನ್ನು ತೋರಿಸಿದ್ದೆವೋ ಅದರ ತಪ್ಪು.

ಈ ಮಾತು ನನ್ನನ್ನು ಗುಜರಾತಿನಿಂದ, ಟೆಕ್ಸಸ್‌ನಿಂದ ಹಾಸನದ ನಮ್ಮ ಮನೆಯ ನಡುಮನೆಗೇ ತಂದು ನಿಲ್ಲಿಸುತ್ತದೆ. ಅತ್ತೆಗೆ ಈಗ ಎಂಬತ್ತೊಂಬತ್ತು. ಗೋಡೆ ಹಿಡಿದು ನಡೆಯುತ್ತಾರೆ. ಹಗಲು ರಾತ್ರಿ ಜೊತೆಗಿರಲು ಒಬ್ಬ ಹುಡುಗಿ ಇದ್ದಾಳೆ. ನಾನು ಮಗಳ ಬಾಣಂತನಕ್ಕೆ ಪುಣೆಗೆ ಹೋಗಬೇಕಾಗಿ ಬಂದಾಗ ಮನೆಯವರಲ್ಲಿ ಚರ್ಚೆಯಾಯಿತು. ನಮ್ಮವರು ಇಲ್ಲೇ ಇರುತ್ತಾರೆ, ಆದರೆ ಅವರಿಗೂ ಈಗ ಮೊಣಕಾಲು. ಮೈದುನ, ನಾದಿನಿ ಎಲ್ಲರೂ ಬೇರೆ ಬೇರೆ ಊರುಗಳಲ್ಲಿ. ಅತ್ತೆಯ ಕೋಣೆಗೊಂದು ಕ್ಯಾಮೆರಾ ಹಾಕಿಸೋಣ, ಎಲ್ಲರೂ ಫೋನಿನಲ್ಲೇ ನೋಡುತ್ತಿರಬಹುದು ಎಂದು ಮೈದುನ ಹೇಳಿದರು. 'ನನ್ನಲ್ಲಿ ನೋಡೋಕೆ ಏನು ಉಳಿದಿದೆಯೋ ಮಾರಾಯ' ಎಂದು ಅತ್ತೆ ನಕ್ಕರು. ಕ್ಯಾಮೆರಾ ಅತ್ತೆಯನ್ನು ನೋಡುವುದಕ್ಕೋ, ಆ ಹುಡುಗಿ ಕೆಲಸ ಮಾಡುತ್ತಾಳೋ ಇಲ್ಲವೋ ನೋಡುವುದಕ್ಕೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹುಡುಗಿಗೆ ಅದು ತಿಳಿಯದೆ ಇರಲಿಲ್ಲ.

ಆ ಹುಡುಗಿಗೆ ಬೇಜಾರಾಗಬಹುದೆಂದು ನಾನೇ ಅವಳ ಹತ್ತಿರ ಮಾತು ತೆಗೆದೆ. ಅವಳು ಬಟ್ಟೆ ಮಡಿಸುತ್ತಾ, 'ಕ್ಯಾಮೆರಾ ಹಾಕಿ ಅಮ್ಮಾ, ನಂಗೇನೂ ಬೇಜಾರಿಲ್ಲ. ಆದ್ರೆ ಅಜ್ಜಿ ರಾತ್ರಿ ಹೊತ್ತು ಜಾರಿಬಿದ್ರೆ ನಾನೊಬ್ಳೇ ಎತ್ತೋಕಾಗಲ್ಲ. ಸಾಹೇಬ್ರಿಗೂ ಬಗ್ಗೋಕಾಗಲ್ಲ. ಅಷ್ಟು ಜನ ನೋಡ್ತಿರ್ತೀರಲ್ಲ, ಅದ್ರಲ್ಲಿ ಬರೋರು ಯಾರು? ಅದನ್ನ ಮೊದ್ಲು ಹೇಳಿ' ಎಂದಳು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ ಅವಳು. ಎಣ್ಣೆಬಾವಿ ಕಂಡವಳಲ್ಲ. ಅಷ್ಟು ವರ್ಷ ನಾನೂ ನಮ್ಮವರೂ ಊಟದ ಮೇಜಿನ ಮೇಲೆ ಎಳೆದಾಡಿದ ಪ್ರಶ್ನೆಯನ್ನು ಸೀರೆಯ ಮಡಿಕೆಯಷ್ಟು ನೇರವಾಗಿ ಮಡಿಸಿ ನನ್ನ ಕೈಯಲ್ಲಿಟ್ಟಳು.

ಅವತ್ತು ಸಂಜೆ ಎಲ್ಲರಿಗೂ ಫೋನು ಮಾಡಿದೆ. ಎದುರು ಮನೆಯ ಮೇಷ್ಟರ ಮಗ ಎಷ್ಟು ಹೊತ್ತಿಗೆ ಕರೆದರೂ ಬರುತ್ತೇನೆಂದ. ಮೂಲೆಯ ಔಷಧಿ ಅಂಗಡಿಯವರು ತಮ್ಮ ಆಟೋದ ನಂಬರು ಕೊಟ್ಟರು. ಬೆಂಗಳೂರಿನ ನಾದಿನಿ, ರಾತ್ರಿ ಕರೆದರೆ ಬೆಳಕಾಗುವುದರೊಳಗೆ ಹಾಸನದಲ್ಲಿರುತ್ತೇನೆ ಎಂದು ಒಪ್ಪಿಕೊಂಡಳು. ಹುಡುಗಿಗೇ ಜ್ವರ ಬಂದರೆ ಬದಲಿಗೆ ಯಾರು ಎಂದೂ ಕೇಳಿ ಬರೆದುಕೊಂಡೆ. ಕ್ಯಾಮೆರಾ ಅವಳು ಮಲಗುವ ಚಾಪೆಯ ಕಡೆ ತಿರುಗಬಾರದು ಎಂಬುದೂ ತೀರ್ಮಾನವಾಯಿತು. ಹೆಸರು, ನಂಬರು ಎಲ್ಲ ದಪ್ಪ ಅಕ್ಷರದಲ್ಲಿ ಒಂದು ಕಾಗದಕ್ಕಿಳಿಸಿ ಅತ್ತೆಯ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆವು. ಕ್ಯಾಮೆರಾದವನು ಬಂದದ್ದು ಅದರ ಮಾರನೆಯ ದಿನ.